ಹಾಳೂರಿನ ಹಾಡು

‘ಹಾಳೂರಿಗೆ ಉಳಿದವನೇ ಗೌಡ’ ಎಂಬುದು ನಮ್ಮ ಕಡೆಯ ಹಳೆಯ ಗಾದೆ. ಊರು ಹಾಳಾದ ಮೇಲೆ ಅಲ್ಲಿ ಒಬ್ಬನೇ ಉಳಿದಿದ್ದರೆ ಅವನ ಮಾತಿಗೆ ಎದುರುತ್ತರ ಕೊಡುವವರಿಲ್ಲ. ಹೊಲದ ಬದುವನ್ನು ಅವನು ತೋರಿಸಿದಲ್ಲಿಯೇ ಒಪ್ಪಬೇಕು. ಊರಿನ ಕಥೆಯನ್ನು ಅವನು ಹೇಳಿದಂತೆಯೇ ನಂಬಬೇಕು. ಈ ಗಾದೆಯನ್ನು ಕಟ್ಟಿದವರ ಮನಸ್ಸಿನಲ್ಲಿ ಕಾವ್ಯವಿಮರ್ಶೆ ಇದ್ದಿರಲಾರದು. ಆದರೂ ಕಳೆದೊಂದು ಶತಮಾನದಲ್ಲಿ ಕನ್ನಡದಲ್ಲಿ ಹಾಳುಬಿದ್ದ ಪಟ್ಟಣಗಳನ್ನು ಕುರಿತು ಬಂದ ಕವಿತೆಗಳನ್ನು ಒಟ್ಟಿಗೆ ಓದುವಾಗ ಈ ಗಾದೆ ಬೇಡವೆಂದರೂ ನೆನಪಿಗೆ ಬರುತ್ತದೆ. ಆ ಕವಿತೆಗಳಲ್ಲಿ ಊರಿಗೆ ಊರೇ ಬರಿದು, ಉಳಿದವನು ಕವಿಯೊಬ್ಬನೇ, ಆದ್ದರಿಂದ ಅವನೇ ಗೌಡ.

ಹಾಳುಪಟ್ಟಣವೆಂದೊಡನೆ ಕನ್ನಡಿಗನ ಕಣ್ಣಿಗೆ ಕಟ್ಟುವುದು ಹಂಪೆ. ಹಂಪೆಗೆ ‘ಹಾಳು’ ಎಂಬುದು ಒಂದು ಬಗೆಯ ಅಡ್ಡಹೆಸರೇ ಆಗಿಬಿಟ್ಟಿದೆ. ಅದರ ಮೇಲೆ ಪದ್ಯ ಬರೆದವರಲ್ಲಿ ಹಿರಿಯರೂ ಇದ್ದಾರೆ, ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ಬರೆದ ಹುಡುಗರೂ ಇದ್ದಾರೆ. ಯೋಗ್ಯತೆಯಲ್ಲಿ ಎಷ್ಟೇ ಅಂತರವಿದ್ದರೂ ಈ ಪದ್ಯಗಳ ಕಟ್ಟಡ ಬಹುಮಟ್ಟಿಗೆ ಒಂದೇ. ಸಂಜೆಯ ಹೊತ್ತು, ಕೆಳಗೆ ತುಂಗಭದ್ರೆ, ಕಲ್ಲಿನ ತೇರು, ನಾದಗೊಡುವ ಕಂಬ, ಮುಕ್ಕಾದ ನರಸಿಂಹ, ಮುತ್ತುರತ್ನಗಳನ್ನು ಬೀದಿಯಲ್ಲಿ ರಾಶಿ ಸುರಿದು ಮಾರುತ್ತಿದ್ದ ಕಾಲದ ನೆನಪು, ಬಳಿಕ ‘ಎಲ್ಲಿ ಆ ದೊರೆ, ಎಲ್ಲಿ ಆ ಸಭೆ’ ಎಂಬ ಬಗೆಯ ಪ್ರಶ್ನೆಗಳ ಸಾಲು, ಕೊನೆಗೆ ವಿಧಿಗೆ ಒಂದು ನಿಟ್ಟುಸಿರು, ಇಲ್ಲವೆ ಕನ್ನಡಿಗನಿಗೆ ಒಂದು ಕರೆ. ಗೂಬೆ ಮತ್ತು ಬಾವಲಿಗಳು ಬೇಕಾದಲ್ಲಿ ಬಂದುಹೋಗುತ್ತವೆ. ಮನುಷ್ಯರು ಮಾತ್ರ ಬರುವುದಿಲ್ಲ.

ಈ ಕಟ್ಟಡದ ಬುನಾದಿ ಬಿದ್ದುದು ಬಹುಮಟ್ಟಿಗೆ ಧಾರವಾಡದಲ್ಲಿ ಎಂಬುದನ್ನು ನಾವು ಮರೆಯಲಾಗದು. ರಾಬರ್ಟ್ ಸಿವೆಲ್ಲನು ವಿಜಯನಗರವನ್ನು ‘ಮರೆತುಹೋದ ಸಾಮ್ರಾಜ್ಯ’ವೆಂದು ಕರೆದು ಇಂಗ್ಲಿಷಿನಲ್ಲಿ ಪುಸ್ತಕ ಬರೆದುದು ೧೯೦೦ರಲ್ಲಿ. ಆಲೂರ ವೆಂಕಟರಾಯರು ಹಂಪೆಯನ್ನು ಕಂಡುದು ೧೯೦೫ರಲ್ಲಿ. ಅವರ ‘ಕರ್ನಾಟಕ ಗತವೈಭವ’ ಪ್ರಕಟವಾದುದು ೧೯೧೭ರಲ್ಲಿ. ಆಗ ಧಾರವಾಡ ಮುಂಬಯಿ ಇಲಾಖೆಯಲ್ಲಿತ್ತು, ಹಂಪೆ ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆಯಲ್ಲಿತ್ತು. ಧಾರವಾಡದ ವಕೀಲರೊಬ್ಬರು ಬೇರೊಂದು ಇಲಾಖೆಯ ಕಲ್ಲುಗಳ ನಡುವೆ ನಿಂತು ‘ಇದು ನಮ್ಮದು’ ಎಂದು ಹೇಳಿದುದೇ ಅಂದು ಒಂದು ಸಾಹಸ. ಆ ‘ನಮ್ಮ’ ಎಂಬ ಮಾತಿನೊಳಗೆ ಅಂದು ಯಾವ ಭೂಪಟದಲ್ಲಿಯೂ ಇಲ್ಲದ ಒಂದು ನಾಡಿತ್ತು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲಾದ ಹುಯಿಲಗೋಳ ನಾರಾಯಣರಾಯರ ನಾಡಗೀತೆಯಲ್ಲಿಯೂ ಅದೇ ನಾಡು ಉದಯಿಸಬೇಕೆಂಬ ಹಂಬಲವಿದೆ. ೧೯೫೬ರ ನವೆಂಬರ ೧ರಂದು ಆ ನಾಡು ಭೂಪಟದ ಮೇಲೆ ಬಂದಿತು. ಹಾಳುಹಂಪೆಯ ಪದ್ಯಗಳು ಇದರಲ್ಲಿ ತಮ್ಮ ಪಾಲಿನ ಕೆಲಸವನ್ನು ಮಾಡಿದವು. ಚದುರಿದ ಜನಕ್ಕೆ ಅವು ಒಂದೇ ಕಡೆ ನೋಡುವುದನ್ನು ಕಲಿಸಿದವು. ಈ ಋಣವನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕು.

ಮುಂದಿನ ಮಾತು ಇಷ್ಟು: ಈ ಪದ್ಯಗಳು ಹಾಳನ್ನು ಕಂಡವು, ಊರನ್ನು ಕಾಣಲಿಲ್ಲ. ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಡೆದೇ ಇದೆ. ವರುಷ ವರುಷವೂ ತೇರು ಎಳೆಯುತ್ತದೆ. ಕಮಲಾಪುರ, ಆನೆಗೊಂದಿ, ಕಡ್ಡಿರಾಂಪುರಗಳಲ್ಲಿ ಒಲೆ ಉರಿಯುತ್ತದೆ. ಇನ್ನೂ ದೊಡ್ಡ ಮಾತೆಂದರೆ, ವಿಜಯನಗರದ ಕಾಲದಲ್ಲಿ ತೋಡಿದ ತುರ್ತು ಕಾಲುವೆಯ ನೀರು ಇಂದಿಗೂ ಹಂಪೆಯ ಬಾಳೆಯ ತೋಟಗಳಿಗೂ ಗದ್ದೆಗಳಿಗೂ ಹರಿಯುತ್ತಿದೆ. ಅರಮನೆಯ ಮರದ ಕಂಬಗಳು ಸುಟ್ಟುಹೋದವು, ಕಾಲುವೆ ಉಳಿಯಿತು. ಸಾಮ್ರಾಜ್ಯದ ವಸ್ತುಗಳಲ್ಲಿ ತಾನು ಹುಟ್ಟಿದ ಕೆಲಸವನ್ನು ಇಂದಿಗೂ ಮಾಡುತ್ತಿರುವುದು ಅದು. ಆದರೆ ಕಲ್ಲಿನ ತೇರಿಗೆ ಸಂದ ಕಣ್ಣೀರಿನಲ್ಲಿ ನೂರರಲ್ಲೊಂದು ಪಾಲು ಗಮನವೂ ಈ ನೀರಿಗೆ ಸಂದಿಲ್ಲ. ಹಾಳಿನ ಕವಿಗೆ ನಡೆಯುತ್ತಿರುವ ವಸ್ತು ಬೇಡ, ನಿಂತುಹೋದದ್ದೇ ಬೇಕು.

ಈ ರುಚಿ ನಮಗೆ ಎಲ್ಲಿಂದ ಬಂದಿತು? ಅರ್ಧ ಉತ್ತರ ಇಂಗ್ಲಿಷ್ ಪಠ್ಯಪುಸ್ತಕದಲ್ಲಿದೆ. ಶೆಲ್ಲಿಯು ೧೮೧೮ರಲ್ಲಿ ಪ್ರಕಟಿಸಿದ ‘ಓಜಿಮಾಂಡಿಯಸ್’ ಎಂಬ ಹದಿನಾಲ್ಕು ಸಾಲಿನ ಪದ್ಯವನ್ನು ನಮ್ಮ ಎಷ್ಟು ತಲೆಮಾರುಗಳು ಬಾಯಿಪಾಠ ಮಾಡಿಲ್ಲ! ಮರಳುಗಾಡು, ಒಡೆದ ವಿಗ್ರಹ, ಸುತ್ತಲೂ ಶೂನ್ಯ. ಆದರೆ ಶೆಲ್ಲಿಯ ಶೂನ್ಯಕ್ಕೆ ಒಂದು ಉದ್ದೇಶವಿತ್ತು. ರಾಜನ ಸೊಕ್ಕಿಗೆ ಮರಳೇ ಉತ್ತರವೆಂದು ತೋರಿಸುವುದಕ್ಕೆ ಅವನಿಗೆ ಆ ಬಯಲು ಬೇಕಾಗಿತ್ತು. ಅವನ ಪದ್ಯ ರಾಜನನ್ನು ಕುರಿತು ಅಳುವುದಿಲ್ಲ, ಒಳಗೊಳಗೇ ನಗುತ್ತದೆ. ನಮ್ಮವರು ಬಯಲನ್ನು ತಂದರು, ನಗೆಯನ್ನು ಅಲ್ಲಿಯೇ ಬಿಟ್ಟುಬಂದರು. ಶೆಲ್ಲಿ ರಾಜನನ್ನು ಇಳಿಸಿದ ಮಣೆಯ ಮೇಲೆ ನಾವು ರಾಜನನ್ನು ಮತ್ತೆ ಕೂರಿಸಿದೆವು. ಹೀಗೆ ಬಯಲು ಮಾತ್ರ ಉಳಿಯಿತು. ಅದು ಏಕೆ ಬಯಲು ಎಂಬ ಪ್ರಶ್ನೆ ಉಳಿಯಲಿಲ್ಲ.

ಹಾಗೆ ನೋಡಿದರೆ ಹಾಳುಪಟ್ಟಣದ ಕಾವ್ಯಕ್ಕೆ ನಾವು ಯಾರ ಬಾಗಿಲಿಗೂ ಹೋಗಬೇಕಾದುದಿರಲಿಲ್ಲ. ಕಾಳಿದಾಸನ ರಘುವಂಶದ ಹದಿನಾರನೆಯ ಸರ್ಗವನ್ನು ನೆನೆಯಬಹುದು. ರಾಮನ ತರುವಾಯ ಅಯೋಧ್ಯೆ ಪಾಳುಬಿದ್ದಿದೆ. ಮಗ ಕುಶನು ದೂರದ ಕುಶಾವತಿಯಲ್ಲಿ ಆಳುತ್ತಿದ್ದಾನೆ. ನಡುರಾತ್ರಿ, ಅಗಳಿ ಹಾಕಿದ ಕೋಣೆಯೊಳಗೆ ಗಂಡ ಪರದೇಶಕ್ಕೆ ಹೋದ ಹೆಣ್ಣಿನ ವೇಷದಲ್ಲಿ ಒಬ್ಬಳು ಬಂದು ನಿಲ್ಲುತ್ತಾಳೆ. ಅವಳು ಅಯೋಧ್ಯೆಯ ನಗರದೇವತೆ. ಹೆಂಗಳೆಯರು ಕಾಲ್ಗೆಜ್ಜೆ ನುಡಿಸುತ್ತ ನಡೆದ ದಾರಿಯಲ್ಲಿ ನರಿಗಳು ತಿರುಗುತ್ತಿವೆ, ಜಲಕ್ರೀಡೆಯ ಕೊಳಗಳನ್ನು ಕಾಡಕೋಣಗಳು ಕೊಂಬಿನಿಂದ ಬಡಿಯುತ್ತಿವೆ, ಸಾಕಿದ ನವಿಲುಗಳು ಕಾಡುನವಿಲುಗಳಾಗಿವೆ, ಕಂಬದ ಮೇಲಿನ ಹೆಣ್ಣುಬೊಂಬೆಗಳಿಗೆ ಹಾವಿನ ಪೊರೆಯೇ ಮೇಲುದವಾಗಿದೆ ಎಂದು ಅವಳು ಒಂದೊಂದಾಗಿ ಹೇಳುತ್ತಾಳೆ. ಇಷ್ಟೊಂದು ಚೆಲುವಾದ ಹಾಳು ಜಗತ್ತಿನ ಕಾವ್ಯದಲ್ಲಿಯೇ ವಿರಳ. ಆದರೆ ಕವಿ ನಮ್ಮನ್ನು ಆ ಚೆಲುವಿನಲ್ಲಿ ಮೈಮರೆಯಲು ಬಿಡುವುದಿಲ್ಲ. ಮಾತಾಡುತ್ತಿರುವವಳು ನೊಂದವಳು, ಕೇಳುತ್ತಿರುವವನು ಹೊಣೆಗಾರ. ಇದು ಫಿರ್ಯಾದು. ಆದ್ದರಿಂದಲೇ ಕುಶನು ಹೊರಡುತ್ತಾನೆ. ಕುಶಲಕರ್ಮಿಗಳು ಊರನ್ನು ಮತ್ತೆ ಊರು ಮಾಡುತ್ತಾರೆ.

ಈ ಪರಂಪರೆ ವಿಜಯನಗರದ ಅಂತಃಪುರದವರೆಗೂ ಬಂದಿತ್ತೆಂಬುದು ಸೋಜಿಗದ ಸಂಗತಿ. ಬುಕ್ಕರಾಯನ ಮಗ ಕಂಪಣನ ರಾಣಿ ಗಂಗಾದೇವಿಯ ‘ಮಧುರಾವಿಜಯ’ದ ಹಸ್ತಪ್ರತಿ ೧೯೧೬ರಲ್ಲಿ ತಿರುವನಂತಪುರದಲ್ಲಿ ದೊರೆಯಿತು. ಅದರಲ್ಲಿಯೂ ಒಬ್ಬ ಹೆಣ್ಣು ಬಂದು ಪಾಳುಬಿದ್ದ ಮಧುರೆಯ ಸ್ಥಿತಿಯನ್ನು ಅರಸನ ಮುಂದೆ ಹೇಳಿಕೊಳ್ಳುತ್ತಾಳೆ. ಗೆಲ್ಲುವವರ ಪಕ್ಷದ ಕಾವ್ಯವಾದುದರಿಂದ ಅದರ ಮಾತನ್ನೆಲ್ಲ ಚರಿತ್ರೆಯೆಂದು ತೂಗಿಕೊಳ್ಳಬೇಕಾಗಿಲ್ಲ. ಆದರೂ ೧೫೬೫ರ ಯುದ್ಧದ ಬಳಿಕ ತಾನೇ ಹಾಳಾಗಲಿದ್ದ ಪಟ್ಟಣದ ರಾಣಿಯೊಬ್ಬಳು, ಇನ್ನೊಂದು ಪಟ್ಟಣದ ಹಾಳನ್ನು ಕುರಿತು ಎರಡು ಶತಮಾನ ಮೊದಲೇ ಬರೆದಿದ್ದಳೆಂಬುದನ್ನು ನಮ್ಮ ಹಂಪೆಯ ಕವಿಗಳು ನೆನೆದಿದ್ದರೆ, ಅವರ ‘ಎಲ್ಲಿ, ಎಲ್ಲಿ’ ಎಂಬ ಪ್ರಶ್ನೆಗಳಿಗೆ ಇನ್ನೊಂದು ಆಳ ಬರುತ್ತಿತ್ತು. ಹಾಳು ಒಂದೇ ಊರಿನ ಹಣೆಬರಹವಲ್ಲ. ಅದನ್ನು ಮಾಡಿದವರೂ ಅನುಭವಿಸಿದವರೂ ಸರದಿಯಂತೆ ಬದಲಾಗುತ್ತಾರೆ.

ಸಂಸ್ಕೃತದ ಮಾತು ಸಾಕು. ನಮ್ಮ ಹೊಲಗಳ ನಡುವಿಗೇ ಬರೋಣ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲುದಾರಿಯಲ್ಲಿ ಅಣ್ಣಿಗೇರಿ ಇದೆ. ಸುತ್ತಲೂ ಎರೆಭೂಮಿ, ಹತ್ತಿ, ಕಡಲೆ, ಜೋಳ. ಹಂಪೆ ಹುಟ್ಟುವ ಮೊದಲೇ ಇದು ಬೆಳ್ವೊಲ ಮುನ್ನೂರರ ಹೆಸರಾದ ಪಟ್ಟಣ. ಹನ್ನೊಂದನೆಯ ಶತಮಾನದ ಅಮೃತೇಶ್ವರ ಗುಡಿ ತನ್ನ ಎಪ್ಪತ್ತಾರು ಕಂಬಗಳೊಡನೆ ಇಲ್ಲಿ ನಿಂತಿದೆ. ಕಲ್ಯಾಣದ ಚಾಲುಕ್ಯರ ಕೊನೆಯ ದೊರೆ ನಾಲ್ವಡಿ ಸೋಮೇಶ್ವರನು ಕಳೆದುಕೊಂಡ ರಾಜ್ಯವನ್ನು ೧೧೮೪ರ ಸುಮಾರಿಗೆ ಮರಳಿ ಪಡೆದು ಕೆಲವೇ ವರುಷ ಆಳಿದುದು ಇಲ್ಲಿಂದ. ಒಂದು ಮಹಾ ಅರಸುಮನೆತನದ ಕಟ್ಟಕಡೆಯ ದೀಪ ಉರಿದುದು ಅಣ್ಣಿಗೇರಿಯಲ್ಲಿ. ಅದಕ್ಕೂ ಹಿಂದೆ, ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದು ಪಂಪನ ತಮ್ಮ ಜಿನವಲ್ಲಭನು ಬರೆಸಿದ ಕುರ್ಕ್ಯಾಲ ಶಾಸನದಿಂದ ತಿಳಿಯುತ್ತದೆ.

ರಾಜಧಾನಿ, ಮಹಾಗುಡಿ, ಆದಿಕವಿ: ಹಾಳಿನ ಕವಿಗೆ ಇನ್ನೇನು ಬೇಕು? ಆದರೂ ಹಂಪೆಗೆ ಸಿಕ್ಕಷ್ಟು ಪದ್ಯ ಅಣ್ಣಿಗೇರಿಗೆ ಸಿಕ್ಕಿಲ್ಲ. ಕಾರಣವನ್ನು ಹುಡುಕಿ ಬಹುದೂರ ಹೋಗಬೇಕಾಗಿಲ್ಲ. ಅಣ್ಣಿಗೇರಿ ಬರಿದಾಗಿಲ್ಲ. ಗುಡಿಯ ಆಸುಪಾಸಿನಲ್ಲಿ ಮನೆಗಳಿವೆ, ಮಕ್ಕಳು ಆಡುತ್ತಾರೆ, ಹತ್ತಿಯ ಗಾಡಿಗಳು ಹಾದುಹೋಗುತ್ತವೆ. ರಾಜ್ಯ ಹೋಯಿತು, ಊರು ಉಳಿಯಿತು. ಕುಂದಗೋಳದ ಶಂಭುಲಿಂಗನ ಗುಡಿಗೂ, ಕಲಘಟಗಿಯ ಕಡೆಯ ತಂಬೂರಿನ ಬಸವಣ್ಣನ ಗುಡಿಗೂ ಇದೇ ಮಾತು ಸಲ್ಲುತ್ತದೆ. ಇಲ್ಲಿ ಹಳೆಯದು ಬಳಕೆಯ ನಡುವೆ ಇದೆ. ಬೆಳದಿಂಗಳಲ್ಲಿ ಒಂಟಿಯಾಗಿ ನಿಂತು ನೋಡಲು ಸಿಕ್ಕುವುದಿಲ್ಲ. ಉಳಿದವರು ಬಹಳ ಮಂದಿ ಇರುವಲ್ಲಿ ಕವಿಗೆ ಗೌಡಿಕೆ ಸಿಕ್ಕುವುದಾದರೂ ಹೇಗೆ?

ಹಾಗೆಂದು ಅಣ್ಣಿಗೇರಿಗೆ ಹಾಳಿನ ಕಾವ್ಯವೇ ಇಲ್ಲವೆನ್ನುವಂತಿಲ್ಲ. ಅದು ಒಂಬತ್ತೂವರೆ ಶತಮಾನದ ಹಿಂದೆಯೇ ಕಲ್ಲಿನ ಮೇಲೆ ಬರೆಯಲ್ಪಟ್ಟಿದೆ. ಬಾರ್ನೆಟ್ ಎಂಬ ವಿದ್ವಾಂಸರು ಸಂಪಾದಿಸಿ ಪ್ರಕಟಿಸಿದ ಗಾವರವಾಡ ಮತ್ತು ಅಣ್ಣಿಗೇರಿಯ ಶಾಸನಗಳು ೧೦೭೧–೭೨ರವು, ಇಮ್ಮಡಿ ಸೋಮೇಶ್ವರನ ಕಾಲದವು. ಗಂಗ ಪೆರ್ಮಾಡಿ ಅಣ್ಣಿಗೇರಿಯಲ್ಲಿ ಕಟ್ಟಿಸಿದ ಬಸದಿಯ ಕಥೆಯನ್ನು ಅವು ಹೇಳುತ್ತವೆ. ಚೋಳನು ಬೆಳ್ವೊಲವನ್ನು ಹೊಕ್ಕು ಜಿನಾಲಯಗಳನ್ನು ಸುಟ್ಟನು. ಬಳಿಕ ಯುದ್ಧದಲ್ಲಿ ಚಾಲುಕ್ಯ ದೊರೆಗೆ ತಲೆಯೊಪ್ಪಿಸಿದನು. ಆಮೇಲೆ ಬೆಳ್ವೊಲವನ್ನು ಆಳುತ್ತಿದ್ದ ಲಕ್ಷ್ಮನೆಂಬ ಮಂಡಲೇಶ್ವರನು ಆ ಬಸದಿಯನ್ನು ಮತ್ತೆ ನೆಲೆಗೊಳಿಸಿ, ನಿಂತುಹೋಗಿದ್ದ ದತ್ತಿಯನ್ನು ನಡೆಯುವಂತೆ ಮಾಡಿದನು.

ಶಾಸನವೆಂದರೆ ಸರಕಾರದ ಕಾಗದವೆಂದು ನಾವು ಪಕ್ಕಕ್ಕೆ ಸರಿಸುವುದುಂಟು. ಆದರೆ ಹಳಗನ್ನಡದ ವೃತ್ತಕಂದಗಳಲ್ಲಿ ಸಾಗುವ ಇಂಥ ಶಾಸನಗಳು ಕಾವ್ಯವೂ ಹೌದು. ಅವುಗಳ ಕಾವ್ಯದೃಷ್ಟಿಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಹಾಳು ತಾನಾಗಿ ಆಗುವುದಿಲ್ಲ; ಅದಕ್ಕೆ ಕರ್ತೃವಿದ್ದಾನೆ, ಅವನಿಗೆ ಹೆಸರಿದೆ. ಎರಡನೆಯದು, ಹಾಳು ಕಥೆಯ ಕೊನೆಯಲ್ಲ, ನಡುವೆ ಬರುವ ಒಂದು ಘಟ್ಟ. ಕೊನೆಯಲ್ಲಿ ಇರುವುದು ದುರಸ್ತಿ, ದತ್ತಿ, ದೀಪದೆಣ್ಣೆ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬಹುದು. ಗುಡಿ ಬಸದಿಗಳನ್ನು ಕೆಡಿಸಿದವರೆಲ್ಲ ಒಂದೇ ಮತದವರು, ಕಳೆದುಕೊಂಡವರೆಲ್ಲ ಇನ್ನೊಂದು ಮತದವರು ಎಂಬ ಸುಲಭದ ಲೆಕ್ಕ ಅಣ್ಣಿಗೇರಿಯ ಕಲ್ಲಿನ ಮುಂದೆ ನಿಲ್ಲುವುದಿಲ್ಲ. ಸುಟ್ಟವನು ಶಿವಭಕ್ತ ಮನೆತನದ ದೊರೆ, ಸುಟ್ಟುಹೋದದ್ದು ಜಿನಾಲಯ. ಇದೂ ಚಾಲುಕ್ಯಪಕ್ಷದ ಬರಹವೆಂಬುದನ್ನು ಮರೆಯದೆ ಓದಿದರೂ, ಹಾಳಿನ ಚರಿತ್ರೆ ನಮ್ಮ ಇಂದಿನ ಜಗಳಗಳಿಗಿಂತ ಹಿರಿದಾದದ್ದೆಂಬುದು ಸ್ಪಷ್ಟವಾಗುತ್ತದೆ.

ಫಿರ್ಯಾದು, ದುರಸ್ತಿಯ ದಾಖಲೆ. ಇವೆರಡೂ ಆಸ್ಥಾನಕ್ಕೆ ಸೇರಿದವು. ಅರಸನ ಕಿವಿಗೆ ಎಟುಕದ ಜನ ತಮ್ಮ ಹಾಳನ್ನು ಹೇಗೆ ಹಾಡಿಕೊಂಡರು? ಅಣ್ಣಿಗೇರಿಗೆ ಆಚೆ, ಗದಗಿನ ಹತ್ತಿರ ಕುರ್ತಕೋಟಿ ಇದೆ. ೧೯೯೭ರವರೆಗೆ ಅದೂ ಧಾರವಾಡ ಜಿಲ್ಲೆಯೇ. ಆ ಊರಿನ ಕಲ್ಮೇಶನ ಅಂಕಿತದಲ್ಲಿ ಮುಗಿಯುವ ಲಾವಣಿಯೊಂದು ‘ಹಲಗಲಿಯ ಬೇಡರು’ ಎಂದು ಹೆಸರಾಗಿದೆ. ಬಿ. ಎಸ್. ಗದ್ದಗಿಮಠರ ಜನಪದ ಗೀತೆಗಳ ಸಂಗ್ರಹದ ಮೂಲಕ ಅದು ಶಾಲೆಯ ಪಠ್ಯಕ್ಕೂ ಬಂದುದರಿಂದ ನಮ್ಮ ಮಕ್ಕಳಿಗೂ ಗೊತ್ತು. ಹಲಗಲಿ ಮುಧೋಳದ ಕಡೆಯ ಹಳ್ಳಿ. ಜನರು ಸರಕಾರದ ಅಪ್ಪಣೆಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು ೧೮೫೭ರಲ್ಲಿ ಕುಂಪಣಿ ಸರಕಾರ ಕಾಯಿದೆ ಮಾಡಿದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು.

ಈ ಲಾವಣಿಯ ಶಕ್ತಿ ಅದರ ವೀರಾವೇಶದಲ್ಲಿ ಮಾತ್ರ ಇದೆಯೆಂದು ಬಹುಜನ ತಿಳಿದಿದ್ದಾರೆ. ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಶಕ್ತಿ ಕೊನೆಯ ಭಾಗದ ಲೆಕ್ಕದಲ್ಲಿದೆ. ದಂಡಿನವರು ಏನೇನು ಒಯ್ದರೆಂಬುದನ್ನು ಲಾವಣಿಕಾರ ಪಟ್ಟಿ ಮಾಡುತ್ತಾನೆ. ಆಯುಧದಿಂದ ಆರಂಭವಾದ ಪಟ್ಟಿ ಅಡುಗೆಮನೆಗೆ ನುಗ್ಗುತ್ತದೆ. ಉಪ್ಪು ಎಣ್ಣೆಗಳನ್ನೂ ಬೀಸುವ ಕಲ್ಲನ್ನೂ ಬಿಡದೆ ಹೆಂಗಸರ ಕೊರಳ ತಾಳಿಯವರೆಗೂ ಹೋಗುತ್ತದೆ. ಇಲ್ಲಿ ‘ವೈಭವ’ ಎಂಬ ಮಾತಿಗೆ ಜಾಗವೇ ಇಲ್ಲ. ಬೀಸುವ ಕಲ್ಲು ಹೋದ ಮನೆಯಲ್ಲಿ ನಾಳೆ ರೊಟ್ಟಿಯಿಲ್ಲ. ಕೇಳುವವರಿಗೆ ಅಷ್ಟು ಸಾಕು. ಹಂಪೆಯ ಪದ್ಯದಲ್ಲಿ ಒಂದು ಸಾಮ್ರಾಜ್ಯ ಹೋದರೂ ನಮ್ಮ ಹೊಟ್ಟೆಯಲ್ಲಿ ಆಗದ ಸಂಕಟ ಇಲ್ಲಿ ಒಂದು ಬೀಸುಕಲ್ಲು ಹೋದುದರಿಂದ ಆಗುತ್ತದೆ. ಈ ಲಾವಣಿ ಶೋಕಗೀತೆಯ ಹಾಗೆ ಕಂಡರೂ ಅದರ ಒಳಗಿರುವುದು ಪಂಚನಾಮೆ. ನಾಲ್ಕು ಜನರ ಎದುರಿನಲ್ಲಿ, ಕಳೆದುಹೋದ ಸಾಮಾನನ್ನು ಹೆಸರಿಟ್ಟು ಬರೆಸಿದ ಪಂಚನಾಮೆ. ಕೋರ್ಟು ನಡೆಸಿದವರೇ ಸುಟ್ಟವರಾದುದರಿಂದ ಅದನ್ನು ಜಾತ್ರೆಯಲ್ಲಿ, ಡಪ್ಪಿನ ತಾಳದ ಮೇಲೆ ದಾಖಲು ಮಾಡಬೇಕಾಯಿತು.

ಎರಡು ಬಗೆಯ ಕಾವ್ಯದ ಭೇದ ವ್ಯಾಕರಣದಲ್ಲಿಯೇ ಕಾಣುತ್ತದೆ. ಹಂಪೆಯ ಪದ್ಯದ ಕ್ರಿಯಾಪದ ‘ಹಾಳಾಯಿತು’, ಲಾವಣಿಯದು ‘ಹಾಳುಮಾಡಿದರು’. ಮೊದಲನೆಯದರಲ್ಲಿ ಕರ್ತೃ ಇಲ್ಲ. ಇದ್ದರೆ ಅದು ಕಾಲ ಅಥವಾ ವಿಧಿ, ಇಲ್ಲವೆ ಮುಖವಿಲ್ಲದ ಒಬ್ಬ ‘ವೈರಿ’. ಎರಡನೆಯದರಲ್ಲಿ ಸಾಹೇಬರ ಹೆಸರೂ ಇದೆ, ಸತ್ತವರ ಹೆಸರೂ ಇದೆ. ಮೊದಲನೆಯದರ ನಾಮಪದಗಳು ವೈಭವ, ಮೌನ, ಗತಕಾಲ; 
ಎರಡನೆಯದರವು ಕೈಯಲ್ಲಿ ಎತ್ತಬಹುದಾದ ವಸ್ತುಗಳು. ಮೊದಲನೆಯದರಲ್ಲಿ ಪ್ರಶ್ನೆಗಳಿವೆ, ಆದರೆ ಉತ್ತರವನ್ನು ಯಾರಿಂದಲೂ ಅಪೇಕ್ಷಿಸಿಲ್ಲ. ಎರಡನೆಯದರಲ್ಲಿ ಪ್ರಶ್ನೆಯೇ ಇಲ್ಲ. ಆದರೂ ಕೇಳಿದವನು ಉತ್ತರ ಕೊಡಬೇಕಾದ ಮನುಷ್ಯನಾಗುತ್ತಾನೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಕವಿಯೇನು ತಲಾಟಿಯೆ, ಒಡೆದದ್ದನ್ನೂ ಉಳಿದದ್ದನ್ನೂ ಪಟ್ಟಿಮಾಡುವುದಕ್ಕೆ? ಹಾಳಿನ ಮುಂದೆ ನಿಂತಾಗ ಮನಸ್ಸಿಗೆ ಬರುವ ಮೌನ ಸುಳ್ಳೆ? ಎಲ್ಲವೂ ಒಂದು ದಿನ ಹೋಗತಕ್ಕದ್ದೆಂಬ ಅರಿವು ಕಾವ್ಯಕ್ಕೆ ಸಲ್ಲದೆ? ಸಲ್ಲುತ್ತದೆ, ಆ ಅರಿವಿಲ್ಲದ ಕಾವ್ಯ ಬಡವಾದ ಕಾವ್ಯ. ಪಂಪಾಕ್ಷೇತ್ರವನ್ನು ಕುರಿತು ವಿ. ಸೀತಾರಾಮಯ್ಯನವರು ‘ಪಂಪಾಯಾತ್ರೆ’ ಎಂಬ ಗದ್ಯಗ್ರಂಥವನ್ನೇ ಬರೆದರು. ಅದು ಇಂದಿಗೂ ಓದಿಸಿಕೊಳ್ಳುತ್ತದೆ. ದುಃಖ ಬೇಡವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಯಾರ ದುಃಖ ಎಂಬುದಷ್ಟೇ ಪ್ರಶ್ನೆ. ಕಾಳಿದಾಸನಲ್ಲಿ ದುಃಖ ನಗರದ್ದು, ಲಾವಣಿಯಲ್ಲಿ ಮನೆಯವರದು. ನಮ್ಮ ಹಂಪೆಯ ಪದ್ಯದಲ್ಲಿ ಅದು ನೋಡಬಂದವನದು. ನೋಡಬಂದವನ ದುಃಖ ಪ್ರಾಮಾಣಿಕವಾಗಿರಬಹುದು. ಆದರೆ ಸಂಜೆಯ ಗಾಡಿಗೆ ಅವನು ಹೊರಟುಬಿಡುತ್ತಾನೆ.

ನಮ್ಮ ಕವಿಗಳಿಗೆ ಈ ಕೊರತೆ ತಿಳಿಯಲಿಲ್ಲವೆನ್ನಲಾಗದು. ನವ್ಯರ ಕಾಲಕ್ಕೆ ಹಾಳು ಹೊರಗಿನ ಬಯಲನ್ನು ಬಿಟ್ಟು ಮನಸ್ಸಿನೊಳಕ್ಕೆ ಇಳಿಯಿತು. ಗೋಪಾಲಕೃಷ್ಣ ಅಡಿಗರ ‘ಭೂತ’ದಲ್ಲಿ ಗತಕಾಲ ಪೂಜಿಸುವ ವಸ್ತುವಾಗಿರದೆ ಅಗೆದು ತೆಗೆದು, ಸೋಸಿ, ಕರಗಿಸಿ, ಬೇರೊಂದು ರೂಪಕ್ಕೆ ತರಬೇಕಾದ ಅದಿರಾಗಿದೆ. ಗತವೈಭವದ ಮಂಪರಿಗೆ ಅದು ಕೊಟ್ಟ ಮದ್ದು ಬಲವಾದದ್ದು. ಆದರೆ ಅಲ್ಲಿಯೂ ಅಗೆಯುವವನು ಒಬ್ಬನೇ. ಚಂದ್ರಶೇಖರ ಕಂಬಾರರ ‘ಹೇಳತೇನ ಕೇಳ’ (೧೯೬೪) ಇನ್ನೊಂದು ದಾರಿಯನ್ನು ಹಿಡಿಯಿತು. ಲಾವಣಿಯ ಧಾಟಿಯನ್ನೂ ನಮ್ಮ ಉತ್ತರದ ಕನ್ನಡವನ್ನೂ ಎತ್ತಿಕೊಂಡು, ಒಂದು ಹಳ್ಳಿ ತನ್ನ ಗೌಡನ ವೇಷದಲ್ಲಿಯೇ ಬಂದ ರಾಕ್ಷಸನಿಂದ ಹೇಗೆ ಕೆಟ್ಟಿತೆಂಬುದನ್ನು ಅದು ಹಾಡಿತು. ಕಂಬಾರರ ಊರು ಕಲ್ಪನೆಯದು. ಆದರೆ ಅದರ ಹಾಳಿನಲ್ಲಿ ಜನರಿದ್ದಾರೆ, ಕರ್ತೃವಿದ್ದಾನೆ, ಕೇಳುವವರಿದ್ದಾರೆ. ಕುರ್ತಕೋಟಿಯ ಲಾವಣಿಯ ವಾರಸು ಇಲ್ಲಿ ಮುಂದುವರಿದಿದೆ.

ಇದೆಲ್ಲ ಕಾವ್ಯದೊಳಗಿನ ಜಗಳ, ಇದರಿಂದ ಯಾರಿಗೆ ಏನು ನಷ್ಟ ಎಂದು ಓದುಗರು ಕೇಳಬಹುದು. ನಷ್ಟ ಇದೆ. ಯುನೆಸ್ಕೊ ೧೯೮೬ರಲ್ಲಿ ಹಂಪೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ೨೦೧೧ರ ಜುಲೈಯಲ್ಲಿ ವಿರೂಪಾಕ್ಷನ ಗುಡಿಯ ಎದುರಿನ ತೇರಬೀದಿಯ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ತೆರವು ಮಾಡಿಸಿ, ಅವರು ಕಟ್ಟಿಕೊಂಡದ್ದನ್ನು ಕೆಡವಲಾಯಿತು. ಸ್ಮಾರಕವನ್ನು ಕಾಯಬೇಕೆಂಬುದು ಸರಿಯಾದ ಮಾತು. ಹಳೆಯ ಕಂಬಕ್ಕೆ ಸಿಮೆಂಟಿನ ಗೋಡೆ ಹಚ್ಚುವುದನ್ನು ಯಾರೂ ಹೊಗಳಲಾರರು. ಆದರೆ ಆ ಬೀದಿ ಕಟ್ಟಿದ ದಿನದಿಂದಲೂ ಪೇಟೆಯೇ. ಪೇಟೆಯ ಬೀದಿಯಲ್ಲಿ ಬಳೆ, ಬಾಳೆಹಣ್ಣು ಮಾರುವವರು ಇದ್ದರೆ ಅದು ಬೀದಿಗೆ ಕಳಂಕವೆಂದು ನಮಗೆ ತೋರಿದ್ದಾದರೂ ಏಕೆ? ಹಂಪೆ ಎಂದರೆ ಬರಿದಾಗಿರಬೇಕು, ಮೌನವಾಗಿರಬೇಕು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಮೊದಲೇ ತೂಗುಹಾಕಿತ್ತು. ಆ ಚಿತ್ರವನ್ನು ಅಧಿಕಾರಿಗಳು ಬರೆಯಲಿಲ್ಲ. ಅದನ್ನು ಬರೆದವರಲ್ಲಿ ನಮ್ಮ ಕವಿಗಳೂ ಇದ್ದಾರೆ, ಅವರನ್ನು ಮೆಚ್ಚಿ ಓದಿದ ನಾವೂ ಇದ್ದೇವೆ. ಕವಿ ತನ್ನ ಪದ್ಯದಿಂದ ಜನರನ್ನು ಹೊರಗೆ ಕಳಿಸಿದಾಗ ಯಾರ ಮನೆಯೂ ಬೀಳುವುದಿಲ್ಲ. ಆದರೆ ಅವರಿಲ್ಲದ ಊರೇ ಚೆಂದವೆಂಬ ಅಭಿರುಚಿ ಬೆಳೆದುಬಿಟ್ಟರೆ, ಮುಂದೊಂದು ದಿನ ಮನೆ ಬಿದ್ದಾಗ ಕೇಳುವವರು ಕಡಮೆಯಾಗುತ್ತಾರೆ.

ಹಾಗಾದರೆ ಇಂದಿನ ಕವಿಗೆ ಹಾಳೂರಿನಲ್ಲಿ ಬರೆಯಲು ಏನಿದೆ? ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಗಾಡಿನಲ್ಲಿಯೇ ಬೇಕಾದಷ್ಟಿದೆ. ನವಲಗುಂದದ ಜಮಖಾನೆಯನ್ನು ನೋಡಬಹುದು. ವಿಜಾಪುರದ ಕಡೆಯಿಂದ ವಲಸೆ ಬಂದ ನೇಕಾರರು ತಂದ ಕಸುಬು ಅದೆಂದು ಹೇಳುತ್ತಾರೆ. ಇಂದಿಗೂ ಅದನ್ನು ಮಗ್ಗದ ಮುಂದೆ ಕೂತು ನೇಯುವವರು ಹೆಂಗಸರು. ಪಟ್ಟಣ ಕೆಟ್ಟಾಗ ಕಲ್ಲು ಅಲ್ಲಿಯೇ ಉಳಿಯುತ್ತದೆ, ಕೈಕಸುಬು ಜನರ ಜತೆಗೆ ನಡೆದುಹೋಗುತ್ತದೆ. ಹಾಳಾದ ಪಟ್ಟಣವನ್ನು ಹುಡುಕುವವನು ಗುಂಬಜದ ಕೆಳಗೆ ನಿಂತು ಕೂಗಿದರೆ ತನ್ನ ದನಿಯೇ ಮರಳಿ ಬಂದೀತು. ನವಲಗುಂದದ ಒಂದು ಓಣಿಯಲ್ಲಿ ಕೂತರೆ ಇನ್ನೊಬ್ಬರ ದನಿ ಕೇಳೀತು.

ಅಥವಾ ಅಣ್ಣಿಗೇರಿಯಲ್ಲಿ ೨೦೧೦ರಲ್ಲಿ ಆದುದನ್ನು ನೆನೆಯಬಹುದು. ಅಲ್ಲಿ ನೆಲ ಅಗೆಯುವಾಗ ಸಾಲಾಗಿ ಜೋಡಿಸಿಟ್ಟ ನೂರಾರು ತಲೆಬುರುಡೆಗಳು ಹೊರಬಂದವು. ಕೆಲವು ವಾರ ಪತ್ರಿಕೆಗಳ ತುಂಬ ಅದೇ ಸುದ್ದಿ. ಕೊಲೆ, ಬರ, ಯುದ್ಧ, ಬಲಿ ಎಂದು ಬಗೆಬಗೆಯ ಊಹೆ. ಇಂಥ ನೋಟ ಹಾಳಿನ ಕವಿಗೆ ಸಿದ್ಧಮಾಡಿಟ್ಟ ಎಡೆ. ಶಿರ, ಕಿರೀಟ, ಕಾಲಚಕ್ರವೆಂದು ಅರ್ಧ ಗಂಟೆಯಲ್ಲಿ ಪದ್ಯ ಕಟ್ಟಬಹುದು. ಆದರೆ ಗಾವರವಾಡದ ಶಾಸನಕಾರನೋ ಕುರ್ತಕೋಟಿಯ ಲಾವಣಿಕಾರನೋ ಅಲ್ಲಿದ್ದಿದ್ದರೆ ಅವನ ಮೊದಲ ಪ್ರಶ್ನೆ ಬೇರೆಯದೇ ಆಗಿರುತ್ತಿತ್ತು: ಇವರು ಯಾರ ಮನೆಯವರು? ಹೆಸರು ಸಿಕ್ಕದಿದ್ದರೆ, ಸಿಕ್ಕಲಿಲ್ಲವೆಂದಾದರೂ ಅವನು ಹಾಡುತ್ತಿದ್ದನು. ಹೆಸರಿಲ್ಲದಿರುವುದನ್ನೇ ಅಲಂಕಾರ ಮಾಡಿಕೊಳ್ಳುತ್ತಿರಲಿಲ್ಲ.

ನಮ್ಮ ಕಂದಾಯದ ದಫ್ತರದಲ್ಲಿ ‘ಬೇಚಿರಾಕ್’ ಎಂಬ ಮಾತೊಂದಿದೆ. ಜನವಸತಿಯಿಲ್ಲದ, ಹೆಸರು ಮತ್ತು ಹೊಲ ಮಾತ್ರ ಉಳಿದ ಊರನ್ನು ಹಾಗೆ ಬರೆಯುತ್ತಾರೆ. ಪಾರಸಿಯ ಆ ಮಾತಿನ ಅರ್ಥ ‘ದೀಪವಿಲ್ಲದ್ದು’. ಗತವೈಭವದ ನೂರು ಪದ್ಯಗಳಿಗಿಂತ ಆ ಗುಮಾಸ್ತನ ಒಂದು ಪದ ಹೆಚ್ಚು ಕಂಡಿದೆ ಎನ್ನಬೇಕು. ಊರು ಎಂದರೆ ಗೋಪುರವಲ್ಲ, ಸಂಜೆ ಹಚ್ಚುವ ದೀಪ ಎಂದು ಅದು ತಿಳಿದಿದೆ. ಇಂಥ ಊರಿನ ಹೊಲಗಳ ನಡುವೆ ಒಂಟಿ ಹನುಮಪ್ಪನ ಗುಡಿಯೊಂದು ನಿಂತಿದ್ದರೆ, ಪಕ್ಕದ ಹಳ್ಳಿಯವರು ಶನಿವಾರ ಬಂದು ದೀಪ ಹಚ್ಚಿಹೋಗುವುದೂ ಉಂಟು. ಅವರಿಗೆ ಆ ಊರು ಹೇಗೆ ಹಾಳಾಯಿತೆಂಬುದರ ಕಥೆ ಅಷ್ಟಿಷ್ಟು ಗೊತ್ತಿರುತ್ತದೆ; ಯಾರ ಅಜ್ಜ ಯಾವ ಓಣಿಯಿಂದ ಎದ್ದುಬಂದನೆಂಬುದು ಚೆನ್ನಾಗಿ ಗೊತ್ತಿರುತ್ತದೆ.

ಹಾಳೂರಿನ ಕವಿತೆಯನ್ನು ಇನ್ನು ಮುಂದೆ ಓದುವಾಗ ನಾವು ಒಂದು ಸಣ್ಣ ಪರೀಕ್ಷೆಯನ್ನು ಇಟ್ಟುಕೊಳ್ಳಬಹುದು. ಆ ಕವಿತೆಯನ್ನು ಅದೇ ಊರಿನ ಕಟ್ಟೆಯ ಮೇಲೆ ಕೂತವರ ಎದುರಿಗೆ ಓದಿದರೆ, ಅವರಲ್ಲಿ ಯಾರಾದರೊಬ್ಬರು ‘ಹಂಗಲ್ರಿ, ಹಿಂಗ’ ಎಂದು ತಿದ್ದಲು ಬಾಯಿ ತೆರೆಯುವಂತಿದೆಯೆ? ಹಾಗೆ ತಿದ್ದಿಸಿಕೊಳ್ಳಬಲ್ಲ ಕವಿತೆಯಲ್ಲಿ ಊರು ಇನ್ನೂ ಇದೆ. ತಿದ್ದುವುದಕ್ಕೆ ಎಡೆಯನ್ನೇ ಬಿಡದ, ನಿಟ್ಟುಸಿರಿನಿಂದ ತುಂಬಿದ ಕವಿತೆ ಎಷ್ಟು ಇಂಪಾಗಿದ್ದರೂ ಬೇಚಿರಾಕ್.